ಹಡಗು ಹತ್ತಿದ ಕಾಗೆ

ಹೊರಗಿನಿಂದ ಬಂದು ನೆಲೆಯೂರಿದ ಹಕ್ಕಿಗಳಿಂದ ಊರಿನ ನೀರುಹಕ್ಕಿಗಳಿಗೆ ಆಗುವ ತೊಂದರೆ ಏನು ಎಂಬ ವಿಷಯದ ಮೇಲೆ ಸಂಘದ ಪತ್ರಿಕೆಗೆ ಒಂದು ಲೇಖನ ಬೇಕೆಂದು ಗೆಳೆಯರು ಕೇಳಿದ್ದಾರೆ. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಕಾಸರಗೋಡಿನಲ್ಲಿ ಮಲಬಾರ್ ಎಕ್ಸ್‌ಪ್ರೆಸ್ ಹತ್ತಿ ತಿರುವನಂತಪುರಕ್ಕೆ ಬಂದು, ತಂಪಾನೂರಿನಲ್ಲಿ ಕೋಣೆ ಹಿಡಿದು ಕೆಲಸ ಮಾಡಿಕೊಂಡಿರುವವನು. ರಜೆಯ ದಿನ ವೆಳ್ಳಾಯಣಿ ಕೆರೆಯ ಕಡೆ ಹೋಗಿ ಹಕ್ಕಿ ನೋಡುವ ಅಭ್ಯಾಸವಿದೆ, ಅಷ್ಟೆ. ಇಲ್ಲಿಯ ಕೆರೆಗಳಲ್ಲಿ ಸ್ಥಳೀಯ ಬಾತುಗಳನ್ನು ಓಡಿಸಿ ತಾನೇ ಯಜಮಾನನಾದ ಪರದೇಶಿ ಬಾತು ಯಾವುದಾದರೂ ಇದೆಯೇ ಎಂದು ಕೇಳಿದರೆ, ಹೆಸರಿಟ್ಟು ಹೇಳುವಂಥದ್ದು ಒಂದೂ ಇಲ್ಲ. ಆದರೆ ಈ ವಿಷಯಕ್ಕೆ ಸರಿಯಾಗಿ ಒಪ್ಪುವ ಹಕ್ಕಿಯೊಂದು ತಂಪಾನೂರಿನ ಬಸ್ ಸ್ಟ್ಯಾಂಡಿನ ತಂತಿಯ ಮೇಲೆ ದಿನಾ ಕೂತಿರುತ್ತದೆ. ಇಲ್ಲಿ ಅದು ಮನೆಯವರಲ್ಲಿ ಒಬ್ಬ. ಕಡಲಾಚೆ ಅದೇ ದಾಳಿಕೋರ. ನಮ್ಮ ಊರಕಾಗೆಯ ಮಾತು ಹೇಳುತ್ತಿದ್ದೇನೆ.

ಅತಿಥಿ ಬೇರೆ, ಒಕ್ಕಲು ಬೇರೆ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಚಳಿಗಾಲದಲ್ಲಿ ನಮ್ಮ ಕೆರೆಗಳಿಗೆ ಸೂಜಿಬಾಲದ ಬಾತು, ಬಿಳಿಹುಬ್ಬಿನ ಬಾತು ಮೊದಲಾದವು ಉತ್ತರದ ದೇಶಗಳಿಂದ ಬರುತ್ತವಲ್ಲ, ಅವನ್ನು 'ವಿದೇಶಿ ಹಕ್ಕಿ' ಎಂದು ಪತ್ರಿಕೆಗಳಲ್ಲಿ ಬರೆಯುತ್ತಾರೆ. ಅವು ದಾಳಿಕೋರ ಅಲ್ಲ. ಸಾವಿರಾರು ವರ್ಷಗಳಿಂದ ತಮ್ಮ ರೆಕ್ಕೆಯ ಬಲದಿಂದಲೇ ಬಂದು ಹೋಗುತ್ತಿರುವ ಅತಿಥಿಗಳು. ನಮ್ಮ ಕೆರೆಗೆ ಅವು ಹೊಸಬರಲ್ಲ, ಅವಕ್ಕೆ ನಮ್ಮ ಕೆರೆಯೂ ಹೊಸದಲ್ಲ. ಮೊಟ್ಟೆ ಇಡುವುದು ತಮ್ಮ ಊರಿನಲ್ಲೇ.

ದಾಳಿಕೋರ ಎಂದು ಕರೆಯಿಸಿಕೊಳ್ಳಲು ಮೂರು ಲಕ್ಷಣ ಬೇಕು. ಮನುಷ್ಯ ಅದನ್ನು ಬೇಕೆಂದೋ ಅಥವಾ ತಿಳಿಯದೆಯೋ ಹೊಸ ನೆಲಕ್ಕೆ ಒಯ್ದಿರಬೇಕು. ಅಲ್ಲಿ ಅದು ಗೂಡು ಕಟ್ಟಿ ಸಂಸಾರ ಹೂಡಿರಬೇಕು. ಆ ಸಂಸಾರದಿಂದ ಅಲ್ಲಿಯ ಮೂಲನಿವಾಸಿಗಳಿಗೆ ಪೆಟ್ಟು ಬಿದ್ದಿರಬೇಕು. ಮೂರೂ ಕೂಡಿದರೆ ಮಾತ್ರ ಆ ಹೆಸರು ಸಲ್ಲುತ್ತದೆ.

ಪೆಟ್ಟು ಬೀಳುವ ದಾರಿಗಳೂ ಒಂದೇ ಅಲ್ಲ. ಜಾಗ ಮತ್ತು ಆಹಾರ ಕಿತ್ತುಕೊಳ್ಳುವುದು ಒಂದು. ಮೊಟ್ಟೆ ಮರಿ ತಿನ್ನುವುದು ಇನ್ನೊಂದು. ಮೂರನೆಯದು ಸ್ವಲ್ಪ ವಿಚಿತ್ರ: ಜಗಳವೇ ಇಲ್ಲದೆ, ಮದುವೆಯಾಗಿ ಮುಗಿಸುವುದು. ಈ ಮೂರನೆಯದಕ್ಕೆ ಯುರೋಪಿನ ಒಂದು ಉದಾಹರಣೆ ಹೇಳಿ ಕಾಗೆಗೆ ಬರುತ್ತೇನೆ.

ಮದುವೆಯಿಂದ ಬಂದ ಕುತ್ತು

ಇಂಗ್ಲೆಂಡಿನ ಸ್ಲಿಂಬ್ರಿಜ್ ಎಂಬಲ್ಲಿ ಪೀಟರ್ ಸ್ಕಾಟ್ ಎಂಬ ಪಕ್ಷಿಪ್ರೇಮಿ ನೀರುಹಕ್ಕಿಗಳಿಗಾಗಿಯೇ 1946ರಲ್ಲಿ ಒಂದು ಸಂಸ್ಥೆ ಕಟ್ಟಿದರು. ಅಲ್ಲಿಗೆ 1948ರಲ್ಲಿ ಅಮೆರಿಕದಿಂದ 'ರಡ್ಡಿ ಡಕ್' ಎಂಬ ಬಾತಿನ ಕೆಲವೇ ಹಕ್ಕಿಗಳನ್ನು ತಂದರು. ಕೆಂಗಂದು ಮೈ, ನೀಲಿ ಕೊಕ್ಕು, ನಿಮಿರಿದ ಬಾಲದ ಚೆಂದದ ಹಕ್ಕಿ. ಅವುಗಳ ಮರಿಗಳಲ್ಲಿ ಕೆಲವು ತಪ್ಪಿಸಿಕೊಂಡವು. 1960ರ ಹೊತ್ತಿಗೆ ಹೊರಗಿನ ಕೆರೆಗಳಲ್ಲಿ ಮರಿ ಮಾಡತೊಡಗಿದವು. ನಲವತ್ತು ವರ್ಷ ಕಳೆಯುವಷ್ಟರಲ್ಲಿ ಬ್ರಿಟನ್ನಿನಲ್ಲಿ ಅವುಗಳ ಸಂಖ್ಯೆ ಸುಮಾರು 6,000.

ಅಷ್ಟರ ಮಟ್ಟಿಗೆ ಯಾರಿಗೂ ತೊಂದರೆ ಇರಲಿಲ್ಲ. ಆದರೆ ಹಕ್ಕಿಗೆ ಗಡಿಯಿಲ್ಲ ನೋಡಿ, ಅದು ಸ್ಪೇನ್ ದೇಶಕ್ಕೂ ಹಾರಿತು. ಸ್ಪೇನಿನಲ್ಲಿ ಅದರ ದಾಯಾದಿಯಂಥ ಬಿಳಿತಲೆಯ ಬಾತು ಇದೆ. ಬೇಟೆಯಿಂದಲೂ ಕೆರೆಗಳು ಬತ್ತಿಹೋದದ್ದರಿಂದಲೂ 1977ರಲ್ಲಿ ಅಲ್ಲಿ ಉಳಿದದ್ದು ಬರೇ 22 ಹಕ್ಕಿಗಳು. ಬೇಟೆ ನಿಲ್ಲಿಸಿ, ಕೆರೆ ಕಾಪಾಡಿ, ಕಷ್ಟಪಟ್ಟು ಆ ವಂಶವನ್ನು ನೂರರ ಲೆಕ್ಕಕ್ಕೆ ತಂದಿದ್ದರು. ಆಗ ಅಮೆರಿಕದ ಗಂಡು ಬಂದು ಸ್ಪೇನಿನ ಹೆಣ್ಣನ್ನು ಕೂಡತೊಡಗಿತು. ಬೆರಕೆ ಮರಿಗಳು ಬಂಜೆಯಲ್ಲ. ಅವು ಮತ್ತೆ ಎರಡೂ ಕಡೆ ಕೂಡಬಲ್ಲವು. ಹೀಗೇ ಬಿಟ್ಟರೆ ಕೆಲವು ತಲೆಮಾರುಗಳಲ್ಲಿ ಶುದ್ಧವಾದ ಬಿಳಿತಲೆಯ ಬಾತು ಎಂಬುದೇ ಇರುವುದಿಲ್ಲ. ಒಂದು ಹನಿ ರಕ್ತ ಚೆಲ್ಲದೆ ಒಂದು ಜಾತಿಯೇ ಕರಗಿಹೋಗುತ್ತದೆ.

ಬ್ರಿಟನ್ನಿನ ಸರ್ಕಾರ 2005ರಿಂದ ತನ್ನ ನೆಲದ ರಡ್ಡಿ ಬಾತುಗಳನ್ನು ಗುಂಡಿಟ್ಟು ತೆಗೆಸಿತು. ಹತ್ತು ವರ್ಷಗಳಲ್ಲಿ ಕೆಲವು ಡಜನ್ ಮಾತ್ರ ಉಳಿದವು. ಪಕ್ಷಿಪ್ರೇಮಿಗಳಲ್ಲೇ ಇದರ ಬಗ್ಗೆ ದೊಡ್ಡ ಜಗಳವಾಯಿತು. ಪ್ರೀತಿಯಿಂದ ತಂದವರೂ ಮನುಷ್ಯರೇ, ಕೊಂದವರೂ ಮನುಷ್ಯರೇ. ಬಾತು ಮಾಡಿದ ತಪ್ಪೇನು ಎಂದು ಕೇಳಿದರೆ ಉತ್ತರ ಕಷ್ಟ.

ಕಾಗೆಯ ಕಡಲಯಾನ

ಈಗ ನಮ್ಮ ಕಾಗೆಗೆ ಬರೋಣ. ನಮ್ಮಲ್ಲಿ ಕಾಗೆ ಎರಡು ಬಗೆ. ಕುತ್ತಿಗೆ ಬೂದುಬಣ್ಣದ್ದು ಊರಕಾಗೆ. ಮೈಯೆಲ್ಲ ಕರ್ರಗಿರುವ ದಪ್ಪ ಕೊಕ್ಕಿನದು ಕಾಡುಕಾಗೆ. ಮಲಯಾಳಂನಲ್ಲಿ ಊರಕಾಗೆಗೆ 'ಪೇನಕ್ಕಾಕ್ಕ' ಎಂದೂ ಕಾಡುಕಾಗೆಗೆ 'ಬಲಿಕ್ಕಾಕ್ಕ' ಎಂದೂ ಹೆಸರು. ಕರ್ಕಾಟಕ ಅಮಾವಾಸ್ಯೆಯ ದಿನ ಶಂಖುಮುಖದ ಕಡಲತೀರದಲ್ಲಿ, ತಿರುವಲ್ಲದ ಪರಶುರಾಮ ದೇವಸ್ಥಾನದಲ್ಲಿ ಜನ ಪಿಂಡವಿಟ್ಟು ಒದ್ದೆ ಕೈ ತಟ್ಟಿ ಕಾಗೆಯನ್ನು ಕರೆಯುವುದನ್ನು ನೋಡಬೇಕು. ನಮ್ಮ ಕಡೆಯೂ ಇದೇ ಪದ್ಧತಿಯಲ್ಲವೇ? ಕಾಗೆ ಮುಟ್ಟದಿದ್ದರೆ ಮನೆಮಂದಿಗೆ ಸಮಾಧಾನವಿಲ್ಲ. ತಿನ್ನುವುದು ಕಂಡರೆ ಬಳಗವನ್ನೆಲ್ಲ ಕೂಗಿ ಸೇರಿಸುವ ಅದರ ಗುಣವನ್ನು ನಮ್ಮ ವಚನಕಾರರೇ ಮೆಚ್ಚಿದ್ದಾರೆ.

ಊರಕಾಗೆಗೆ ಶಾಸ್ತ್ರದಲ್ಲಿ 'ಕಾರ್ವಸ್ ಸ್ಪ್ಲೆಂಡೆನ್ಸ್' ಎಂದು ಹೆಸರು. ಹೊಳೆಯುವ ಕಾಗೆ ಎಂದರ್ಥ. 1817ರಲ್ಲಿ ವಿಯೆಯೋ ಎಂಬ ಫ್ರೆಂಚ್ ಪಂಡಿತ ಕೊಟ್ಟದ್ದು. ಇದರ ಒಂದು ವಿಶೇಷ ಏನೆಂದರೆ, ಮನುಷ್ಯರಿಲ್ಲದ ಕಡೆ ಇದು ಇರುವುದೇ ಇಲ್ಲ. ದಟ್ಟ ಕಾಡಿನಲ್ಲಿ ಊರಕಾಗೆ ಕಾಣಿಸಿತೆಂದರೆ ಹತ್ತಿರದಲ್ಲಿ ಒಂದು ಚಹದಂಗಡಿಯಾದರೂ ಇದೆ ಎಂದು ತಿಳಿಯಬಹುದು. ನಾವು ಎಲ್ಲಿಗೆ ಹೋದರೆ ಅಲ್ಲಿಗೆ ಅದೂ ಬರುತ್ತದೆ. ನಾವು ಹಡಗು ಹತ್ತಿದೆವು, ಅದೂ ಹತ್ತಿತು.

ಹತ್ತಿದ್ದು ಎರಡು ರೀತಿಯಲ್ಲಿ. ಕೆಲವು ಕಡೆ ಅಧಿಕಾರಿಗಳೇ ಕರೆದೊಯ್ದರು. 1890ರ ದಶಕದಲ್ಲಿ ಆಫ್ರಿಕದ ಪೂರ್ವಕ್ಕಿರುವ ಜಂಜಿಬಾರ್ ದ್ವೀಪಕ್ಕೆ ಬ್ರಿಟಿಷರು ಇಂಡಿಯಾದ ಕಾಗೆ ತರಿಸಿದ್ದು ಊರಿನ ಕಸ ತಿಂದು ಚೊಕ್ಕ ಮಾಡಲಿ ಎಂದು. ಬಿಟ್ಟಿ ಜಾಡಮಾಲಿ! ಹೆಚ್ಚುಕಮ್ಮಿ ಅದೇ ಕಾಲದಲ್ಲಿ ಮಲಯದ ಕ್ಲಾಂಗ್ ಬಂದರಿಗೆ ಸಿಲೋನಿನ ಕಾಗೆಗಳು ಹೋದವು. ಅಲ್ಲಿಯ ಕಾಫಿ ತೋಟದ ಕಂಬಳಿಹುಳ ತಿನ್ನಲಿ ಎಂಬುದು ತೋಟದವರ ಲೆಕ್ಕ. ಇನ್ನು ಕೆಲವು ಕಡೆ ಯಾರೂ ಕರೆಯದೆ ಹೋದವು. ಬಂದರಿನಲ್ಲಿ ನಿಂತ ಹಡಗಿನ ಅಡುಗೆಮನೆಯ ಎಂಜಲಿಗೆ ಕೂತ ಕಾಗೆ, ಹಡಗು ಹೊರಟದ್ದು ಗೊತ್ತಾಗುವಾಗ ದಡ ದೂರವಾಗಿರುತ್ತದೆ. ಹಡಗಿನಲ್ಲಿ ಊಟಕ್ಕೆ ಕೊರತೆಯಿಲ್ಲ. ಮುಂದಿನ ಬಂದರಿನಲ್ಲಿ ಇಳಿದರಾಯಿತು. ಹೀಗೆ 1947ರಲ್ಲಿ ಕೆನ್ಯದ ಮೊಂಬಾಸ ಬಂದರಿನಲ್ಲಿ ಕಾಣಿಸಿಕೊಂಡವು. 1994ರಲ್ಲಿ ಹಾಲೆಂಡಿನ ರಾಟರ್‌ಡ್ಯಾಮ್ ಬಂದರಿನ ಬಾಯಲ್ಲಿರುವ ಹುಕ್ ಆಫ್ ಹಾಲೆಂಡ್ ಎಂಬ ಊರಿಗೆ ಎರಡೇ ಕಾಗೆಗಳು ಹೋಗಿ ಇಳಿದವು. ಆ ಚಳಿಯಲ್ಲೂ ಬದುಕಿ ಮೂರು ವರ್ಷದಲ್ಲಿ ಗೂಡು ಕಟ್ಟಿದವು!

ನಮ್ಮ ಪಶ್ಚಿಮ ಕರಾವಳಿಯಿಂದ ಅರಬ್ಬೀ ದೇಶಕ್ಕೂ ಆಫ್ರಿಕಕ್ಕೂ ಜನ ವ್ಯಾಪಾರಕ್ಕೆ, ಕೂಲಿಗೆ ಹೋದ ದಾರಿ ಯಾವುದೋ ಕಾಗೆ ಹೋದ ದಾರಿಯೂ ಹೆಚ್ಚುಕಡಿಮೆ ಅದೇ.

ಅನ್ನ ಕಸದ್ದು, ಉಪ್ಪಿನಕಾಯಿ ಮೊಟ್ಟೆಯದು

ಹೋದ ಕಡೆಯಲ್ಲೆಲ್ಲ ಕಾಗೆ ಕಸ ತಿಂದದ್ದು ನಿಜ. ಆದರೆ ಕಸ ಮಾತ್ರ ತಿನ್ನಲಿಲ್ಲ. ಗುಂಪಾಗಿ ಗೂಡು ಕಟ್ಟುವ ಬಕ, ಬೆಳ್ಳಕ್ಕಿಗಳ ಮೊಟ್ಟೆ. ಕಡಲತೀರದ ಮರಳಲ್ಲೇ ಮೊಟ್ಟೆಯಿಡುವ ರೀವಗಳ ಮರಿ. ಗೀಜಗ ಮೊದಲಾದ ಸಣ್ಣ ಹಕ್ಕಿಗಳ ಗೂಡು, ಯಾವುದನ್ನೂ ಬಿಡಲಿಲ್ಲ. ಪೂರ್ವ ಆಫ್ರಿಕದ ಕರಾವಳಿಯ ಪಟ್ಟಣಗಳಲ್ಲಿ ಸಣ್ಣ ಹಕ್ಕಿಗಳು ಕಡಿಮೆಯಾಗಿ ಕಾಗೆಯ ಕೂಗೇ ಹೆಚ್ಚಾಯಿತು ಎಂದು ಅಲ್ಲಿಯವರ ದೂರು.

'ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು' ಎಂಬ ಗಾದೆ ನಮ್ಮಲ್ಲಿದೆ. ಕಾಕತಾಳೀಯವನ್ನು ಕಾರಣ ಎಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಹಾಗಾದರೆ ಇಲ್ಲಿಯೂ ಹಕ್ಕಿಗಳು ಕಡಿಮೆಯಾದದ್ದಕ್ಕೆ ಬೇರೆ ಕಾರಣವಿದ್ದು, ಕರಿ ಬಣ್ಣದ ಕಾಗೆಯ ತಲೆಗೆ ಸುಮ್ಮನೆ ಕಟ್ಟುತ್ತಿದ್ದಾರೆಯೇ? ಕೇಳಬೇಕಾದ ಪ್ರಶ್ನೆಯೇ. ಇಂಡಿಯಾದಲ್ಲೂ ಕಾಗೆ ಮೊಟ್ಟೆ ಕದಿಯುತ್ತದಲ್ಲ, ಇಲ್ಲಿ ಬೆಳ್ಳಕ್ಕಿಗಳು ಮುಗಿದುಹೋಗಿಲ್ಲವಲ್ಲ?

ಇದಕ್ಕೆ ಉತ್ತರ ಮೂರು ತುಂಡುಗಳಲ್ಲಿದೆ.

ಒಂದು, ರೂಢಿ. ನಮ್ಮ ಬಕಗಳು, ನೀರುಕಾಗೆಗಳು ಕಾಗೆಯ ಜೊತೆಗೇ ಬೆಳೆದು ಬಂದವು. (ನೀರುಕಾಗೆಯ ಹೆಸರಲ್ಲಿ ಕಾಗೆ ಇದೆ, ಆದರೆ ಅದು ಕಾಗೆಯ ಕುಲವಲ್ಲ, ಮುಳುಗಿ ಮೀನು ಹಿಡಿಯುವ ಹಕ್ಕಿ.) ಗಂಡು ಹೆಣ್ಣು ಸರದಿಯ ಮೇಲೆ ಗೂಡು ಕಾಯುತ್ತವೆ, ಒಂದು ಹೋಗುವ ಮುಂಚೆ ಇನ್ನೊಂದು ಬಂದಿರುತ್ತದೆ. ಕಾಗೆಯಂಥ ಕಳ್ಳನನ್ನು ಕಂಡರಿಯದ ದ್ವೀಪದ ಹಕ್ಕಿಗೆ ಈ ಎಚ್ಚರ ಇರುವುದಿಲ್ಲ. ಬಾಗಿಲಿಗೆ ಚಿಲಕವೇ ಇಲ್ಲದ ಊರಿಗೆ ಕಳ್ಳ ಬಂದ ಹಾಗೆ.

ಎರಡು, ಕೋಗಿಲೆ. ನಮ್ಮ ಕವಿಗಳಿಗೆ ಕೋಗಿಲೆ ವಸಂತದ ದೂತ, ಕಾಗೆಗೆ ಅದು ಮನೆಹಾಳ. ಕಾಗೆಯ ಗೂಡಿನಲ್ಲಿ ಕೋಗಿಲೆ ಮೊಟ್ಟೆಯಿಟ್ಟು, ಕಾಗೆಯ ಬಾಣಂತನವನ್ನು ತನ್ನ ಮರಿಗೆ ಮಾಡಿಸಿಕೊಳ್ಳುತ್ತದೆ. ಕಾಗೆಯ ಸಂತಾನಕ್ಕೆ ಅದೊಂದು ಸಣ್ಣ ಕಡಿವಾಣ. ಆಫ್ರಿಕದ ಕರಾವಳಿಯಲ್ಲಿ ನಮ್ಮ ಕೋಗಿಲೆ ಇಲ್ಲ. ಹಡಗಿನಲ್ಲಿ ಕಾಗೆ ಹೋಯಿತು, ಅದರ ಪಾಲಿನ ಕಂಟಕ ಇಲ್ಲೇ ಉಳಿಯಿತು.

ಮೂರನೆಯದೇ ಮುಖ್ಯ. ಕಾಡಿನಲ್ಲಿ ಬೇಟೆ ಕಡಿಮೆಯಾದರೆ ಬೇಟೆಗಾರನೂ ಕಡಿಮೆಯಾಗುತ್ತಾನೆ. ಮೊಲ ಇಲ್ಲದಿದ್ದರೆ ನರಿ ಉಪವಾಸ ಬೀಳುತ್ತದೆ; ಆಮೇಲೆ ಮೊಲ ಚೇತರಿಸಿಕೊಳ್ಳುತ್ತದೆ. ಊರಕಾಗೆಗೆ ಈ ನಿಯಮ ಅನ್ವಯಿಸುವುದಿಲ್ಲ. ಅದರ ಅನ್ನ ಬರುವುದು ಕಸದ ತೊಟ್ಟಿಯಿಂದ, ಮೀನು ಮಾರ್ಕೆಟ್ಟಿನಿಂದ, ಹೋಟೆಲಿನ ಹಿತ್ತಲಿನಿಂದ. ಮೊಟ್ಟೆ ಮರಿ ಅದಕ್ಕೆ ಉಪ್ಪಿನಕಾಯಿ ಇದ್ದ ಹಾಗೆ. ಒಂದು ಕೊಕ್ಕರೆಗಾಡಿನ ಮೊಟ್ಟೆಗಳೆಲ್ಲ ಮುಗಿದರೂ ಕಾಗೆ ಹಸಿಯುವುದಿಲ್ಲ, ಸಂಖ್ಯೆ ಇಳಿಯುವುದಿಲ್ಲ. ಮರುವರ್ಷ ಅಳಿದುಳಿದ ಜೋಡಿಗಳು ಮೊಟ್ಟೆಯಿಟ್ಟಾಗ ಅಷ್ಟೇ ಕಾಗೆಗಳು ಕಾದು ಕೂತಿರುತ್ತವೆ. ನೀರುಹಕ್ಕಿಗೆ ಚೇತರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಹಾಗಾಗಿ ಲೆಕ್ಕ ನೋಡಬೇಕಾದದ್ದು ಕಾಗೆ ಎಷ್ಟು ಮೊಟ್ಟೆ ತಿಂದಿತು ಎಂದಲ್ಲ. ಆ ಕಾಗೆಗೆ ಉಳಿದ ಹೊತ್ತು ಅನ್ನ ಹಾಕಿದವರು ಯಾರು ಎಂದು.

ತೆಗೆಯಲು ಹೊರಟವರು

ಕೆಲವು ದೇಶಗಳು ಕಾಗೆಯನ್ನು ತೆಗೆಯಲು ಹೊರಟವು. ಅರಬ್ಬೀ ಸಮುದ್ರದ ಸೊಕೊತ್ರ ದ್ವೀಪಕ್ಕೆ ಕಾಗೆ ಬಂದದ್ದು 1996ರಲ್ಲಿ. ಬೇರೆಲ್ಲೂ ಇಲ್ಲದ ಹಕ್ಕಿಗಳಿರುವ ದ್ವೀಪ ಅದು. ಅಲ್ಲಿಯವರು ಬೇಗ ಎಚ್ಚೆತ್ತರು. ಕಾಗೆಮರಿ ಹಿಡಿದು ತಂದ ಹುಡುಗರಿಗೆ ದುಡ್ಡು ಕೊಟ್ಟರು. ಹೀಗೆ ವರ್ಷ ವರ್ಷ ಸಂಖ್ಯೆ ಹಿಡಿತದಲ್ಲಿಟ್ಟು, 2009ರಲ್ಲಿ ಉಳಿದ ಕೆಲವನ್ನು ಗುಂಡಿಟ್ಟು ಮುಗಿಸಿದರು. ಹಾಲೆಂಡಿನವರೂ ವಾದ ವಿವಾದವೆಲ್ಲ ಆದ ಮೇಲೆ ಗುಂಡಿನ ದಾರಿಯನ್ನೇ ಹಿಡಿದರು. ಎರಡೂ ಕಡೆ ಕಾಗೆಗಳ ಸಂಖ್ಯೆ ಇನ್ನೂ ಹತ್ತರಲ್ಲಿತ್ತು ಎಂಬುದು ಗಮನಿಸತಕ್ಕದ್ದು.

ಕೆನ್ಯದ ಕಥೆ ಬೇರೆ. ಅಲ್ಲಿ ಲಕ್ಷಗಟ್ಟಲೆ ಆಗಿಹೋಗಿದೆ. ಹತ್ತು ಲಕ್ಷ ಕಾಗೆಗಳನ್ನು ತೆಗೆಯುತ್ತೇವೆ ಎಂದು 2024ರಲ್ಲಿ ಅಲ್ಲಿಯ ವನ್ಯಜೀವಿ ಇಲಾಖೆ ಪ್ರಕಟಿಸಿತು. ಮಾಂಸದಲ್ಲಿ ವಿಷವಿಟ್ಟು ಕೊಲ್ಲುವ ಕೆಲಸ. ಕಾಗೆ ಬಲು ಜಾಣ. ಒಂದು ಸತ್ತರೆ ಉಳಿದವು ಆ ಜಾಗಕ್ಕೆ ಹೆದರುತ್ತವೆ. ಅದಕ್ಕೇ ಮೊದಲು ದಿನಗಟ್ಟಲೆ ವಿಷವಿಲ್ಲದ ಮಾಂಸ ಹಾಕಿ ನಂಬಿಕೆ ಹುಟ್ಟಿಸಬೇಕು. ಓದುವಾಗ ಮನಸ್ಸು ಕಹಿಯಾಗುತ್ತದೆ. ಆದರೂ ಮೊಟ್ಟೆ ಕಳಕೊಂಡ ಹಕ್ಕಿಯ ಕಡೆಯಿಂದ ನೋಡಿದರೆ ಬೇಡವೆನ್ನಲೂ ಬಾಯಿ ಬರುವುದಿಲ್ಲ. ಒಂದಂತೂ ಖಂಡಿತ: ಕಸ ಹಾಗೇ ಬಿದ್ದಿದ್ದರೆ ಉಳಿದ ಕಾಗೆಗಳು ಮತ್ತೆ ತುಂಬಿಕೊಳ್ಳುತ್ತವೆ.

ನಮ್ಮ ದೇಶದ ಕಾನೂನೂ ಕಾಗೆಯನ್ನು ಚೆನ್ನಾಗಿ ನೋಡಿಕೊಂಡಿರಲಿಲ್ಲ ಅನ್ನಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಐದನೆಯ ಪಟ್ಟಿಯಲ್ಲಿ ಇಲಿ, ಹೆಗ್ಗಣ, ಬಾವಲಿಗಳ ಸಾಲಿನಲ್ಲಿ ಕಾಗೆಯನ್ನೂ ಉಪದ್ರವಿ ಎಂದು ಸೇರಿಸಿದ್ದರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಇಲ್ಲಿ ಹುಟ್ಟಿ ಬೆಳೆದ ಹಕ್ಕಿಗೆ ಐವತ್ತು ವರ್ಷ ಬೇಕಾಯಿತು ಆ ಹೆಸರು ಕಳಚಿಕೊಳ್ಳಲು.

ತಂಪಾನೂರಿನ ತೋಡು, ಕೊಚ್ಚಿಯ ಮಂಗಳವನ

ಇದೆಲ್ಲ ಪರದೇಶದ ಪುರಾಣ, ನಮಗೇನು ಎಂದು ಕೇಳಬಹುದು. ಹೊಸ ನೆಲದಲ್ಲಿ ಕಾಗೆ ದಾಳಿಕೋರ ಆದದ್ದು ಯಾವ ಕಾರಣದಿಂದ ಎಂದು ಮೇಲೆ ಹೇಳಿದೆನಷ್ಟೆ. ಆ ಮೂರು ಕಾರಣಗಳಲ್ಲಿ ಮೂರನೆಯದನ್ನು ನಾವು ನಮ್ಮ ಊರಲ್ಲೇ ತಯಾರು ಮಾಡುತ್ತಿದ್ದೇವೆ.

ತಂಪಾನೂರಿನ ರೈಲ್ವೆ ಸ್ಟೇಷನ್ನಿನ ಹಳಿಗಳ ಅಡಿಯಲ್ಲಿ ಒಂದು ತೋಡು ಹರಿಯುತ್ತದೆ. ಆಮಯಿಳಂಜಾನ್ ತೋಡು ಎಂದು ಹೆಸರು. ಹೆಸರಿನಲ್ಲೇ ಆಮೆ ಇದೆ. ಈಗ ಅದರಲ್ಲಿ ಇರುವುದು ಪ್ಲಾಸ್ಟಿಕ್ಕು, ಹೋಟೆಲಿನ ಕೊಳೆ, ಕೋಳಿ ಅಂಗಡಿಯ ಕರುಳು. 2024ರ ಜುಲೈಯಲ್ಲಿ ಈ ತೋಡಿನ ಕಸ ತೆಗೆಯಲು ಇಳಿದ ಕೂಲಿಯೊಬ್ಬ ನೀರಿನಲ್ಲಿ ಕೊಚ್ಚಿಹೋದ. ಹೆಣ ಸಿಗಲು ಎರಡು ದಿನ ಹಿಡಿಯಿತು. ಆ ದಿನಗಳಲ್ಲಿ ತಂಪಾನೂರಿನಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು. ಈ ತೋಡು ಹೋಗಿ ಸೇರುವುದು ಆಕ್ಕುಳಂ ಕೆರೆಗೆ, ಅಂದರೆ ಬಕ, ನೀರುಕಾಗೆಗಳು ಮೀನು ಹಿಡಿಯುವ ನೀರಿಗೆ. ಒಂದೇ ಕಸ ಮನುಷ್ಯನನ್ನು ನುಂಗಿತು, ಕೆರೆಯನ್ನು ಕೆಡಿಸಿತು, ದಾರಿಯುದ್ದಕ್ಕೂ ಕಾಗೆಯನ್ನು ಸಾಕಿತು.

ಕೊಚ್ಚಿಯಲ್ಲಿ ಹೈಕೋರ್ಟಿನ ಹಿಂಭಾಗಕ್ಕೆ ಮಂಗಳವನ ಎಂಬ ಕಾಂಡ್ಲಾ ಕಾಡಿದೆ. ಏಳು ಎಕರೆಯೂ ಇಲ್ಲ. ಎತ್ತರದ ಕಟ್ಟಡಗಳ ನಡುವೆ ಒಂದು ಅಂಗೈಯಷ್ಟು ಹಸಿರು. ಇರುಳು ಬಕ, ನೀರುಕಾಗೆಗಳು ಅಲ್ಲಿ ಗೂಡು ಕಟ್ಟುತ್ತವೆ. ಕಾಡು ಸಣ್ಣದಾದಷ್ಟೂ ಗೂಡುಗಳು ಅಂಚಿಗೆ ಹತ್ತಿರ, ಅಂಚು ಪಟ್ಟಣಕ್ಕೆ ಹತ್ತಿರ, ಪಟ್ಟಣ ಎಂದರೆ ಕಾಗೆ. ಅದೇ ಕೊಚ್ಚಿಯ ಬ್ರಹ್ಮಪುರದ ಕಸದ ಬೆಟ್ಟಕ್ಕೆ 2023ರ ಮಾರ್ಚ್‌ನಲ್ಲಿ ಬೆಂಕಿ ಬಿದ್ದು ಹತ್ತು ದಿನಕ್ಕೂ ಮಿಕ್ಕಿ ಉರಿದು ಊರೆಲ್ಲ ಹೊಗೆ ತುಂಬಿತು. ಅಂಥ ಬೆಟ್ಟಗಳು ಇರುವ ತನಕ ಕಾಗೆಗೆ ಬರಗಾಲ ಎಂಬುದಿಲ್ಲ.

ಇನ್ನೊಂದು ಸಂಗತಿ. ಕೊಕ್ಕರೆಗಾಡಿನಲ್ಲಿ ಕಾಗೆಗೆ ಅವಕಾಶ ಸಿಗುವುದು ಹೆಚ್ಚಾಗಿ ನಮ್ಮಿಂದಲೇ. ಗೂಡಿರುವ ಮರದ ಕೆಳಗೆ ಪಟಾಕಿ ಹೊಡೆದರೆ, ಹಿಕ್ಕೆ ಬೀಳುತ್ತದೆಂದು ಕಲ್ಲೆಸೆದರೆ, ಕೊಂಬೆ ಕಡಿದರೆ ತಾಯಿ ತಂದೆ ಹಕ್ಕಿಗಳು ಗಾಬರಿಯಿಂದ ಒಮ್ಮೆಲೇ ಏಳುತ್ತವೆ. ಅವು ತಿರುಗಿ ಬರುವ ಐದು ನಿಮಿಷ ಕಾಗೆಗೆ ಸಾಕು. ಮರವನ್ನೇ ಉರುಳಿಸಿದರೆ ಕಾಗೆಯ ಕೆಲಸವೂ ಉಳಿಯುವುದಿಲ್ಲ. 2022ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ಹೆದ್ದಾರಿ ಅಗಲ ಮಾಡುವಾಗ ಗೂಡುಗಳಿದ್ದ ಮರವನ್ನು ಹಾಗೇ ಕೆಡವಿದರು. ಹತ್ತಾರು ಮರಿಗಳು ರಸ್ತೆಯ ಮೇಲೆ ಬಿದ್ದು ಸತ್ತವು. ಆ ಹೆದ್ದಾರಿ 66 ನಮ್ಮ ಕಾಸರಗೋಡಿನ ಮೂಲಕವೇ ಹಾದುಹೋಗುವ ರಸ್ತೆ.

ನಾವು ಮಾಡಬಹುದಾದದ್ದು

ದೊಡ್ಡ ಯೋಜನೆಗಳು ಸರ್ಕಾರಕ್ಕೆ ಇರಲಿ. ಕಾಲೇಜಿನ ಒಂದು ಸಂಘಕ್ಕೆ ಸಾಧ್ಯವಾಗುವಂಥ ಮೂರು ಕೆಲಸ ನನಗೆ ತೋಚುತ್ತದೆ.

ಮಳೆಗಾಲ ಹಿಡಿದ ಮೇಲೆ ನಮ್ಮ ಊರುಗಳಲ್ಲಿ ಬಕ, ಬೆಳ್ಳಕ್ಕಿ, ನೀರುಕಾಗೆಗಳು ಯಾವ ಯಾವ ಮರದಲ್ಲಿ ಗೂಡು ಕಟ್ಟುತ್ತವೆ ಎಂದು ಒಂದು ಪಟ್ಟಿ ಮಾಡುವುದು. ಬಸ್ ಸ್ಟ್ಯಾಂಡಿನ ಹತ್ತಿರದ ಮಳೆಮರ, ಕಚೇರಿ ಎದುರಿನ ಆಲ, ಹೀಗೆ. ಮರದ ಹೆಸರು, ಜಾಗ, ಗೂಡಿನ ಲೆಕ್ಕ, ಇಷ್ಟು ಬರೆದಿಟ್ಟರೆ ಸಾಕು. ಕಡಿಯಲು ಬಂದವರಿಗೆ 'ಮರಿ ಹಾರುವ ತನಕ ತಡೆಯಿರಿ' ಎಂದು ಹೇಳಲು ನಮ್ಮ ಕೈಯಲ್ಲಿ ಒಂದು ಕಾಗದ ಇರುತ್ತದೆ.

ಎರಡನೆಯದು, ಆ ಮರಗಳ ಸುತ್ತ ಮೀನಿನ ತ್ಯಾಜ್ಯ, ಕೋಳಿಯ ತ್ಯಾಜ್ಯ ಎಸೆಯದ ಹಾಗೆ ನೋಡಿಕೊಳ್ಳುವುದು. ಅಂಗಡಿಯವರ ಹತ್ತಿರ ಜಗಳ ಮಾಡಿದರೆ ಪ್ರಯೋಜನವಿಲ್ಲ. ಪಂಚಾಯತಿನಿಂದ ಬೇರೆ ವ್ಯವಸ್ಥೆ ಆಗುವಂತೆ ಬೆನ್ನು ಹತ್ತಬೇಕು.

ಮೂರನೆಯದು, ಗೂಡಿನ ಕಾಲದಲ್ಲಿ ಹತ್ತಿರ ಹೋಗದೆ ದೂರದಿಂದ ನೋಡುವುದು. ಫೋಟೋದ ಆಸೆಗೆ ಮರದ ಬುಡಕ್ಕೆ ಹೋಗಿ ಹಕ್ಕಿ ಎಬ್ಬಿಸುವವರಿಗೂ ಇದನ್ನು ಮೆಲ್ಲಗೆ ತಿಳಿಸಿ ಹೇಳುವುದು.

ಶ್ರಾದ್ಧದ ದಿನ ಕಾಗೆಗೆ ಒಂದು ಪಿಂಡ ಇಡುವುದನ್ನು ಯಾರೂ ನಿಲ್ಲಿಸಬೇಕಾಗಿಲ್ಲ. ಆ ಒಂದು ಹಿಡಿಯಿಂದ ಯಾವ ಬೆಳ್ಳಕ್ಕಿಯ ಮೊಟ್ಟೆಯೂ ಹೋಗುವುದಿಲ್ಲ. ವರ್ಷದ ಉಳಿದ 364 ದಿನ, ಕೈ ತಟ್ಟಿ ಕರೆಯದೆಯೇ ಅದಕ್ಕೆ ನಾವು ಬಡಿಸುತ್ತಿರುವ ಊಟದ ಮಾತು ನಾನು ಹೇಳಿದ್ದು. ಕಾಸರಗೋಡು, ಕುಂಬಳೆ, ಮಂಜೇಶ್ವರದ ಕಡೆಯ ಓದುಗರು ತಮ್ಮ ಕಣ್ಣಿಗೆ ಬಿದ್ದ ಗೂಡುಮರಗಳ ವಿವರವನ್ನು ಸಂಘಕ್ಕೆ ಬರೆದು ಕಳಿಸಿದರೆ, ಮಳೆಗಾಲ ಮುಗಿಯುವ ಮುಂಚೆ ನಾನೂ ಊರಿಗೆ ಬಂದು ಪಟ್ಟಿ ಮಾಡುವ ಕೆಲಸಕ್ಕೆ ಸೇರಿಕೊಳ್ಳುತ್ತೇನೆ.